ಮಾಕಳಿ ಅಜ್ಜಿಯ ಮಟ್ಟು

ವಾಸುವಿನ ತೊಂದರೆಗೆಲ್ಲ ಮೂಲ ಒಂದು ಸಿಟಿ ಬಸ್ಸಿನ ಬೋರ್ಡು. ಆ ಬಸ್ಸು ಅವತ್ತು ಯಶವಂತಪುರದ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಳ್ಳದೆ ಸೀದಾ ಹೋಗಿಬಿಟ್ಟಿದ್ದರೆ ಅವನು ಬಚಾವಾಗುತ್ತಿದ್ದ.

ನಡೆದದ್ದು ಇಷ್ಟು. ಯಲಹಂಕದ ಪಿಳ್ಳಪ್ಪನವರು ಸಿನಿಮಾ ತೆಗೆಯುತ್ತಿದ್ದರು. ಅಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟು ಬೆಳೆಯುವ ಮನುಷ್ಯ ಅವರು. ತೀರಿಹೋದ ತಾಯಿ ಹನುಮಕ್ಕನ ನೆನಪಿಗೆ ಅಂತ ‘ಹೆತ್ತೊಡಲ ಹುಲಿ’ ಎಂಬ ಚಿತ್ರಕ್ಕೆ ಕೈ ಹಾಕಿದ್ದರು. ಮೊದಲರ್ಧ ಬರೀ ಹೊಡೆದಾಟ, ಉಳಿದರ್ಧ ಬರೀ ತಾಯಿ. ತಾಯಿಯ ಮೇಲೆ ಒಂದು ಹಾಡು ಬೇಕು, ಅದನ್ನು ಕೇಳಿ ಹಾಲಿನಲ್ಲಿ ಕೂತ ಗಂಡಸರೆಲ್ಲ ಕರ್ಚೀಫು ತೆಗೆಯಬೇಕು ಎನ್ನುವುದು ಅವರ ಆಸೆ.

ವಾಸುವಿಗೂ ಒಂದು ಆಸೆ ಇತ್ತು. ಬೇರೆಯವರ ಸಂಗೀತಕ್ಕೆ ಕೀಬೋರ್ಡು ನುಡಿಸಿ ನುಡಿಸಿ ಅವನ ಬೆರಳು ಸವೆದಿದ್ದವು. ಅವನ ಹೆಸರು ಪರದೆಯ ಮೇಲೆ ಬರುತ್ತಿದ್ದದ್ದು ಚಿತ್ರ ಮುಗಿದು, ಲೈಟು ಹತ್ತಿ, ಜನ ಚಪ್ಪಲಿ ಹುಡುಕುವಾಗ. ಈ ಸಲ ಹಾಗಲ್ಲ. ಈ ಸಲ ಶುರುವಿನಲ್ಲೇ, ದೊಡ್ಡ ಅಕ್ಷರದಲ್ಲಿ, ‘ಸಂಗೀತ: ವಾಸು’. ಅಷ್ಟಾದರೆ ಸಾಕು, ಮಿಕ್ಕಿದ್ದು ದೇವರಿಗೆ ಬಿಟ್ಟದ್ದು ಅಂದುಕೊಂಡಿದ್ದ.

ಆದರೆ ಪಿಳ್ಳಪ್ಪನವರಿಗೆ ಯಾವ ಟ್ಯೂನೂ ಹಿಡಿಸಲಿಲ್ಲ. ವಾಸು ವಿದ್ಯಾರಣ್ಯಪುರದ ತನ್ನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂರು ತಿಂಗಳು ಕೂತ. ಹೊರಗಿನವರಿಗೆ ಕೇಳಿಸುತ್ತಿದ್ದದ್ದು ಕೀಬೋರ್ಡಿನ ಮನೆಗಳ ಟಕಟಕ ಸದ್ದು ಮಾತ್ರ. “ಒಳಗೆ ಏನೋ ಟೈಪ್ ಮಾಡ್ತಿದಾನೆ,” ಎಂದು ಅವನ ತಾಯಿ ಗೋಪಾಲಮ್ಮ ಕೇಳಿದವರಿಗೆ ಹೇಳುತ್ತಿದ್ದರು. ಒಂದೊಂದೇ ಟ್ಯೂನು ಒಯ್ದು ಯಶವಂತಪುರದ ಸ್ಟುಡಿಯೋದಲ್ಲಿ ಕೇಳಿಸಿದಾಗೆಲ್ಲ ಪಿಳ್ಳಪ್ಪನವರದು ಒಂದೇ ಮಾತು: “ಮಣ್ಣಿನ ವಾಸ್ನೆ ಇಲ್ಲ ಕಣಯ್ಯಾ. ಎಲ್ಲಾ ಕಂಪ್ಯೂಟರ್ ವಾಸ್ನೆ.”

ಕೊನೆಗೆ ಒಂದು ದಿನ ವಾಸು ಇನ್ನೊಂದು ಟ್ಯೂನು ಕೇಳಿಸಿದ. ಒಂದು ಬೆಳಗಿನ ಜಾವ ತನಗೆ ತಾನೇ ಬೆರಳಿಗೆ ಬಂದ ಟ್ಯೂನು ಅದು. ನಿಧಾನ ಗತಿ, ಹಿಂದೆ ಕೊಳಲು, ಪಿಟೀಲು. ಇದೂ ಹೋದರೆ ಕೆಲಸವೇ ಹೋದ ಹಾಗೆ ಅಂತ ಅವನಿಗೆ ಗೊತ್ತಿತ್ತು. ಪಿಳ್ಳಪ್ಪನವರು ಬಾಯಿ ತೆರೆಯುವುದರೊಳಗೆ ಏನಾದರೂ ಹೇಳಬೇಕೆಂದು ಗಾಬರಿಯಿಂದ ಕಿಟಕಿಯ ಕಡೆ ನೋಡಿದ. ಕೆಳಗೆ ಸಿಗ್ನಲ್ಲಿನಲ್ಲಿ ಒಂದು ಬಸ್ಸು ನಿಂತಿತ್ತು. ಬೋರ್ಡಿನಲ್ಲಿ ‘ಮಾಕಳಿ’ ಎಂದಿತ್ತು.

“ಇದು ಮಾಕಳಿ ಕಡೆ ಹಳೇ ಮಟ್ಟು ಸಾರ್,” ಎಂದುಬಿಟ್ಟ. “ಅಲ್ಲೊಬ್ರು ಅಜ್ಜಿ ಹಾಡಿದ್ರು. ತಲತಲಾಂತರದಿಂದ ಬಂದಿರೋದು.”

ಪಿಳ್ಳಪ್ಪನವರು ಕಣ್ಣು ಮುಚ್ಚಿಕೊಂಡು ಮತ್ತೊಮ್ಮೆ ಕೇಳಿದರು. ಕಣ್ಣಿಂದ ಒಂದು ಹನಿ ಇಳಿದು ಮೀಸೆಯಲ್ಲಿ ನಿಂತಿತು. “ಎಲ್ಲೋ ಕೇಳ್ದಂಗೈತಲ್ಲಯ್ಯಾ ಇದನ್ನ! ಇದೇ ನೋಡು ಮಣ್ಣು ಅಂದ್ರೆ!” ಎಂದರು. ಟ್ಯೂನು ಪಾಸಾಯಿತು. ‘ಮಡಿಲ ಬೆಳಕೇ ಅವ್ವಾ’ ಎಂದು ಅದಕ್ಕೆ ಸಾಹಿತ್ಯವೂ ಬಂತು. ಯಾರಿಗೂ ಕೇಳಿಸಬಾರದು, ಹಾಡು ಬಿಡುಗಡೆಯ ದಿನವೇ ಲೋಕ ಕೇಳಬೇಕು ಎಂದು ಪಿಳ್ಳಪ್ಪನವರು ಅಪ್ಪಣೆ ಮಾಡಿದರು. ಸುಳ್ಳು ಹೇಳಿದ್ದಕ್ಕೆ ವಾಸುವಿನ ಎದೆ ಒಂದು ದಿನ ಚುರುಕ್ ಅಂದಿತು. ಆಮೇಲೆ ಮರೆತುಹೋಯಿತು.

ಈಗ ಆ ಹಾಡಿನ ಬಿಡುಗಡೆಯ ದಿನ. ಚಿತ್ರ ತೆರೆಗೆ ಬರಲು ಇನ್ನೂ ಸಮಯವಿತ್ತು. ಬೆಳಿಗ್ಗೆ ವಾಸು ಇಡ್ಲಿಗೆ ಕೈ ಹಾಕುವಷ್ಟರಲ್ಲಿ ಫೋನು ಬಂತು. ಪಿಳ್ಳಪ್ಪನವರ ಪ್ರೊಡಕ್ಷನ್ ಮ್ಯಾನೇಜರ್ ಮಹೇಂದ್ರ. ವಾಸುವಿನ ಸ್ಕೂಲಿನ ಗೆಳೆಯನೂ ಹೌದು.

“ಮಗಾ, ಒಂದ್ ಸಣ್ಣ ವಿಷ್ಯ. ಸಾಹೇಬ್ರು ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ. ಆ ಮಾಕಳಿ ಅಜ್ಜೀಗೆ ಇವತ್ತು ಸ್ಟೇಜಲ್ಲಿ ಸನ್ಮಾನ ಆಗ್ಬೇಕಂತೆ. ಶಾಲು, ಮೈಸೂರ್ ಪೇಟ, ಹಣ್ಣಿನ ಬುಟ್ಟಿ ಎಲ್ಲಾ ತರಿಸಿಬಿಟ್ರು. ಮೊದ್ಲು ಅಜ್ಜಿ ಹಾಡ್ಬೇಕು, ಆಮೇಲೆ ನಿನ್ನ ಹಾಡು ಪ್ಲೇ ಆಗ್ಬೇಕು. ಸಂಜೆ ಐದಕ್ಕೆ ಕರ್ಕೊಂಡ್ ಬಂದ್ಬಿಡು.”

ವಾಸುವಿನ ಬಾಯಲ್ಲಿ ಇಡ್ಲಿ ಹಾಗೇ ನಿಂತಿತು. “ಅಜ್ಜಿ… ಅಜ್ಜೀಗೆ ಹುಷಾರಿಲ್ಲ ಕಣೋ.”

“ಆಂಬುಲೆನ್ಸ್ ಕಳಿಸ್ತಾರೆ.”

“ಅಲ್ಲ, ಬಹುಶಃ ಬದುಕೇ ಇಲ್ಲ.”

“ಮಗಾ,” ಮಹೇಂದ್ರ ದನಿ ತಗ್ಗಿಸಿದ. “ಅಜ್ಜಿ ಇದಾರೆ ತಾನೆ? ಟೈಲ್ಸ್ ಕತೆ ನೆನಪಿದೆ ತಾನೆ?”

ವಾಸುವಿಗೆ ನೆನಪಿತ್ತು. ಟೈಲ್ಸಿನವನು ಬಣ್ಣದ ವಿಷಯದಲ್ಲಿ ಒಂದು ಸುಳ್ಳು ಹೇಳಿದ ಅಂತ ಪಿಳ್ಳಪ್ಪನವರು ಒಂದಿಡೀ ಬಿಲ್ಡಿಂಗಿನ ನೆಲ ಕೀಳಿಸಿ, ಆ ಚೂರುಗಳನ್ನೆಲ್ಲ ಲಾರಿಯಲ್ಲಿ ಅವನ ಮನೆ ಮುಂದೆ ಸುರಿಸಿದ್ದರು. ಸುಳ್ಳು ಅಂದರೆ ಅವರಿಗೆ ಅಷ್ಟು ಆಗದು. ಅಜ್ಜಿ ಸುಳ್ಳು ಅಂತ ಗೊತ್ತಾದರೆ ಹಾಡು ಹೋಗುತ್ತದೆ, ಚಿತ್ರ ಹೋಗುತ್ತದೆ, ದೊಡ್ಡ ಅಕ್ಷರದ ಹೆಸರೂ ಹೋಗುತ್ತದೆ. ಗಾಂಧಿನಗರದಲ್ಲಿ ಮತ್ತೆ ಯಾರೂ ಅವನನ್ನು ಕೀಬೋರ್ಡಿಗೂ ಕರೆಯುವುದಿಲ್ಲ.

ಫೋನು ಇಟ್ಟು ತಲೆ ಎತ್ತಿದರೆ ಕಾಂಪೌಂಡಿನ ಮೇಲೆ ಒಂದು ಮುಖ ಕಾಣಿಸಿತು. ಪಕ್ಕದ ಮನೆಯ ಧನಲಕ್ಷ್ಮಿ. ಆ ರಸ್ತೆಯಲ್ಲಿ ಯಾರ ಮನೆಯ ಫೋನು ರಿಂಗಾದರೂ ಮೊದಲು ಆಕೆಯ ಕಿವಿಗೆ ಬಿದ್ದು ಆಮೇಲೆ ಮನೆಯವರಿಗೆ ಕೇಳಿಸುತ್ತದೆ ಎಂಬ ಮಾತಿದೆ.

“ಏನಪ್ಪಾ ವಾಸು, ಅಜ್ಜಿ ಬೇಕಂತೆ?” ಎಂದರು ಆಕೆ, ಹಾಲು ಸಾಲ ಕೇಳಿದಷ್ಟು ಸಲೀಸಾಗಿ.

“ಏನಿಲ್ಲ ಆಂಟಿ, ಸುಮ್ನೆ…”

“ಮುಚ್ಚಿಡ್ಬೇಡ. ಮಾಕಳೀಲಿ ನಮ್ಮ ಸೋದರತ್ತೇನೇ ಇದಾರೆ, ಮುನಿವೆಂಕಟಮ್ಮ ಅಂತ. ಆ ಕಡೆ ಅವರಿಲ್ದೆ ಒಂದು ಮದ್ವೆ ಆಗಲ್ಲ. ಸೋಬಾನೆ ಹೇಳೋದು ಅಂದ್ರೆ ಅವರೇ. ಬಾ, ಸ್ಕೂಟರ್ ತೆಗಿ.”

ಗೋಪಾಲಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು. “ಏನೋ ಅದು? ಯಾವ ಅಜ್ಜಿ?”

“ಆಮೇಲೆ ಹೇಳ್ತೀನಮ್ಮಾ. ನೀನು ಸಂಜೆ ಬಸ್ಸಲ್ಲಿ ಪಿಳ್ಳಪ್ಪನವರ ಛತ್ರಕ್ಕೆ ಬಂದ್ಬಿಡು,” ಎಂದು ವಾಸು ಅರ್ಧ ಇಡ್ಲಿ ಬಿಟ್ಟು ಎದ್ದ.

“ಮೂವತ್ತು ದಾಟಿದ್ರೂ ತಟ್ಟೇಲಿ ಬಿಡೋದು ಬಿಡ್ಲಿಲ್ಲ ಇವ್ನು,” ಎಂದು ತಾಯಿ ಗೊಣಗಿದ್ದು ಅವನ ಕಿವಿಗೆ ಬೀಳಲಿಲ್ಲ.

ಸ್ಕೂಟರಿನ ಮೇಲೆ ಅವನು ಲೆಕ್ಕ ಹಾಕಿದ. ಒಬ್ಬ ಅಜ್ಜಿ, ನಾಲ್ಕು ಸಾಲಿನ ಟ್ಯೂನು. ಮಧ್ಯಾಹ್ನದವರೆಗೆ ಕಲಿಸಿದರೆ ಬಂದೀತು. ಅಜ್ಜಿ ಸ್ಟೇಜಿನಲ್ಲಿ ಹಾಡಿ, ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಹೋದರೆ ಮುಗಿಯಿತು. ಹಿಂದೆ ಕೂತ ಧನಲಕ್ಷ್ಮಿ ದಾರಿಯುದ್ದಕ್ಕೂ ಅವನ ಹೆಗಲು ತಟ್ಟುತ್ತ ಎಡಕ್ಕೆ ಹೋಗು, ಬಲಕ್ಕೆ ಹೋಗು, ಲಾರಿ ಬಂತು ನೋಡು ಎನ್ನುತ್ತಲೇ ಇದ್ದರು. ನಾಗಸಂದ್ರ ದಾಟುವಷ್ಟರಲ್ಲಿ ಅವನಿಗೆ ಬೆವರಿಗೂ ಭಯಕ್ಕೂ ವ್ಯತ್ಯಾಸ ತಿಳಿಯದಂತಾಗಿತ್ತು.

ಮುನಿವೆಂಕಟಮ್ಮ ಮನೆಯ ಮುಂದಿನ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸುತ್ತ ಇನ್ನೂ ಐದು ಜನ ಹೆಂಗಸರು. ಧನಲಕ್ಷ್ಮಿ ವಿಷಯವನ್ನೆಲ್ಲ ಒಂದೇ ಉಸಿರಿನಲ್ಲಿ, ತನ್ನದೊಂದಿಷ್ಟು ಸೇರಿಸಿ, ಹೇಳಿದರು. ಅಜ್ಜಿ ವಾಸುವನ್ನು ಮೇಲಿಂದ ಕೆಳಗೆ ನೋಡಿದರು.

“ನಾನೊಬ್ಳೇ ಬರಾಕಿಲ್ಲ ಕಣಪ್ಪ. ಒಬ್ರು ಎತ್ಕೊಡ್ಬೇಕು, ಮಿಕ್ಕೋರು ಸೊಲ್ಲು ಇಡೀಬೇಕು. ಒಂಟಿ ಆಡು ಅಪಶಕ್ನ. ಇವ್ರೂ ಬತ್ತಾರೆ.”

“ಬರ್ಲಿ ಅಜ್ಜಿ, ಎಲ್ರೂ ಬರ್ಲಿ. ಆದ್ರೆ ಒಂದು ಹೊಸ ಮಟ್ಟು ಕಲೀಬೇಕು. ಕಷ್ಟ ಏನಿಲ್ಲ. ನಾನು ಒಂದೊಂದೇ ಸಾಲು ಹೇಳ್ಕೊಡ್ತೀನಿ.” ವಾಸು ಗಂಟಲು ಸರಿಮಾಡಿಕೊಂಡು, ಮಾತಿಲ್ಲದೆ ಬರೀ ‘ತಾನನಾ’ ಎಂದು ಮೊದಲ ಸಾಲು ಹಾಡಿದ.

ಅಜ್ಜಿಯ ಕೈಯಲ್ಲಿದ್ದ ಅವರೆಕಾಯಿ ನಿಂತಿತು. ಆಕೆ ಪಕ್ಕದವಳ ಮುಖ ನೋಡಿದರು. ಅವಳು ಇವರ ಮುಖ ನೋಡಿದಳು. ಆಮೇಲೆ ಅಜ್ಜಿ ಎರಡನೆಯ ಸಾಲು ಹಾಡಿದರು.

ವಾಸು ಇನ್ನೂ ಹೇಳಿಕೊಟ್ಟಿರದ ಎರಡನೆಯ ಸಾಲು!

ಮೂರನೆಯದನ್ನು ಐದೂ ಜನ ಸೇರಿ ಎತ್ತಿಕೊಂಡರು. ನಾಲ್ಕನೆಯದಕ್ಕೆ ಚಪ್ಪಾಳೆಯೂ ಬಂತು. ವಾಸುವಿಗೆ ಕೂತ ಜಗಲಿಯೇ ಕೆಳಗೆ ಜಾರಿದಂತಾಯಿತು. ಮೂರು ತಿಂಗಳು ಹೆಡ್‌ಫೋನ್ ಹಾಕಿಕೊಂಡು, ಬಾಗಿಲು ಹಾಕಿಕೊಂಡು, ತಲೆ ಕೆರೆದುಕೊಂಡು ಮಾಡಿದ್ದು!

“ಅಜ್ಜೀ, ಇದನ್ನ ಎಲ್ಲಿ ಕೇಳಿದ್ರಿ? ವಾಟ್ಸಾಪಲ್ಲಿ ಬಂತಾ?” ಅವನ ದನಿ ಕೀರಲಾಗಿತ್ತು. ಸ್ಟುಡಿಯೋದವರು ಯಾರೋ ಲೀಕ್ ಮಾಡಿದ್ದಾರೆ ಎಂದೇ ಅವನ ಅನುಮಾನ.

“ನಮ್ಮತ್ತೆ ಆಡ್ತಿದ್ಲು. ಅವ್ಳ ಅತ್ತೇನೂ ಆಡ್ತಿದ್ಲಂತೆ. ನಿಂಗ್ಯಾರು ಏಳ್ಕೊಟ್ರೋ ಸರ್ಯಾಗಿ ಏಳ್ಕೊಟ್ಟಿಲ್ಲ, ಒಂದ್ನೇ ಸಾಲು ಕೊನೇಲಿ ಕೆಳೀಕ್ ಇಳೀಬೇಕು. ನೀನು ಮೇಲ್ಕೇ ಓಗಿ ನಿಂತ್ಕಂಡೆ.” ಅಜ್ಜಿ ಅವನನ್ನು ಕನಿಕರದಿಂದ ನೋಡಿದರು. “ಅದಿರ್ಲಿ, ಇದ್ನ ಅವ್ವನ ಮ್ಯಾಲೆ ಯಾಕಪ್ಪ ಆಡ್ತೀರ? ಇದು ಬೀಗಿತ್ತೀನ ಅಂಗ್ಸೋ ಆಡು.”

ಹಳೆಯ ಊರುಗಳ ಮದುವೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ತಾಯಿಯನ್ನು ಎದುರಿಗೆ ಕೂರಿಸಿಕೊಂಡು ಹಂಗಿಸಿ ಹಾಡುವುದು ಪದ್ಧತಿ. ಹಂಗಿಸಿಕೊಂಡ ಬೀಗರು ಸಿಟ್ಟಾಗುವಂತಿಲ್ಲ, ನಗಬೇಕು. ವಾಸುವಿಗೆ ಅದು ಎಲ್ಲೋ ಓದಿ ಗೊತ್ತಿತ್ತೇ ಹೊರತು ಕೇಳಿದ ನೆನಪಿರಲಿಲ್ಲ. ಈಗ ಕೇಳಿದ. ಅಜ್ಜಿ ಎತ್ತಿಕೊಟ್ಟರು, ಉಳಿದವರು ಸೊಲ್ಲು ಹಿಡಿದರು:

ಬಂದ್ಲಮ್ಮ ಬೀಗಿತ್ತಿ ಬಾಗ್ಲೆಲ್ಲ ತುಂಬ
ಎಲೆ ಆಕಕ್ ಮುಂಚೇನೆ ಪಂಕ್ತೀಲಿ ಕುಂತ್ಲು
ಒಬ್ಬಟ್ಟು ಒಂದಲ್ಲ ಎರಡಲ್ಲ ತಿಂದ್ಲು
ಉಳ್ದಿದ್ನ ಸೆರಗಲ್ಲಿ ಗಂಟಾಕ್ಕೊಂಡ್ಲು

ಬೆಳಿಗ್ಗೆ ಅವನಿಗಿದ್ದದ್ದು ಒಂದು ಚಿಂತೆ, ಅಜ್ಜಿ ಇಲ್ಲ ಅಂತ. ಈಗ ಅಜ್ಜಿ ಸಿಕ್ಕಿದ್ದರು, ಚಿಂತೆ ಎರಡಾಗಿತ್ತು. ಒಂದು, ಟ್ಯೂನು ತನ್ನದೇ ಹೌದೋ ಅಲ್ಲವೋ. ಇನ್ನೊಂದು, ತಾಯಿಯ ಹೆಸರು ಕೇಳಿದರೆ ಕಣ್ಣೀರಿಡುವ ಪಿಳ್ಳಪ್ಪನವರ ಎದುರಿಗೆ ಈ ಹೆಂಗಸರು ಸೆರಗಿಗೆ ಒಬ್ಬಟ್ಟು ಕಟ್ಟಿಬಿಟ್ಟರೆ! ಮೊದಲನೆಯದನ್ನು ಆಮೇಲೆ ನೋಡಿಕೊಳ್ಳೋಣವೆಂದು ಎರಡನೆಯದನ್ನು ಹಿಡಿದ.

“ಅಜ್ಜೀ, ನಿಮ್ಮ ಕಾಲಿಗೆ ಬೀಳ್ತೀನಿ. ಮಟ್ಟು ನಿಮ್ಮದೇ ಇರ್ಲಿ. ಮಾತು ಮಾತ್ರ ನಾನು ಹೇಳಿದ್ದು ಹಾಡಿ. ‘ಮಡಿಲ ಬೆಳಕೇ ಅವ್ವಾ, ಮರೆಯಲಾರೆ ನಿನ್ನ.’ ಇಷ್ಟೇ. ಬೀಗಿತ್ತಿ ಬೇಡ, ಒಬ್ಬಟ್ಟು ಬೇಡ.”

“ಆಗ್ಲಿ ಬಿಡಪ್ಪ, ಅದೇನ್ ಮಾ ಕಷ್ಟ,” ಎಂದರು ಅಜ್ಜಿ. ಅಷ್ಟು ಸುಲಭವಾಗಿ ಒಪ್ಪಿದ್ದೇ ಅವನಿಗೆ ದಿಗಿಲಾಯಿತು.

ಮಧ್ಯಾಹ್ನ ಮಹೇಂದ್ರ ಟೆಂಪೋ ಟ್ರಾವೆಲರ್ ಗಾಡಿ ಕಳಿಸಿದ. ಸ್ಕೂಟರು ಮಾಕಳಿಯಲ್ಲೇ ಉಳಿಯಿತು. ಹೆಂಗಸರು ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದು ಉಟ್ಟು, ತಲೆತುಂಬ ಹೂ ಮುಡಿದು ಹತ್ತಿದರು. ವಾಸು ಡ್ರೈವರಿನ ಪಕ್ಕ ಹಿಂದಕ್ಕೆ ತಿರುಗಿ ಕೂತು ಅಭ್ಯಾಸ ಮಾಡಿಸಿದ. ಮೊದಲ ಎರಡು ಸಾಲು ಸರಿಯಾಗಿ ಬರುತ್ತಿತ್ತು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಯಾರಾದರೊಬ್ಬರ ಬಾಯಿಂದ ಒಬ್ಬಟ್ಟು ಜಾರುತ್ತಿತ್ತು. ಒಬ್ಬರು ಜಾರಿದರೆ ಉಳಿದವರೂ ಹಿಂದೆಯೇ ಜಾರುತ್ತಿದ್ದರು. ಧನಲಕ್ಷ್ಮಿಯೂ ಸೇರಿಕೊಂಡಿದ್ದರು.

ಬಿಇಎಲ್ ಸರ್ಕಲ್ಲಿನಲ್ಲಿ ಗಾಡಿ ಅಲ್ಲಾಡದೆ ನಿಂತಿತು. ಮಹೇಂದ್ರನ ಫೋನು ಮೇಲಿಂದ ಮೇಲೆ ಬರುತ್ತಿತ್ತು. “ಎಲ್ಲಿದೀಯ ಗುರು? ಸಾಹೇಬ್ರು ಗೇಟಲ್ಲೇ ನಿಂತಿದಾರೆ. ಟಿವಿಯವ್ರು ಬಂದಾಯ್ತು!”

“ಅದ್ಯಾರಪ್ಪ ಸಾಯೇಬ್ರು?” ಎಂದು ಅಜ್ಜಿ ಕೇಳಿದರು.

“ಪಿಳ್ಳಪ್ಪನವರು ಅಂತ ಅಜ್ಜಿ, ಯಲಹಂಕದೋರು. ಅವರ ತಾಯಿ ಹನುಮಕ್ಕ ಅಂತಿದ್ರಂತೆ, ಅವರ ನೆನಪಿಗೇ ಈ ಸಿನಿಮಾ.”

ಅಜ್ಜಿ ಹಿಂದಕ್ಕೆ ಬಾಗಿ ಒಬ್ಬಳ ಕಿವಿಯಲ್ಲಿ ಏನೋ ಹೇಳಿದರು. ಅದು ಒಂದು ಕಿವಿಯಿಂದ ಇನ್ನೊಂದಕ್ಕೆ ದಾಟಿ ಹಿಂದಿನ ಸೀಟಿನವರೆಗೆ ಹೋಯಿತು. ಎಲ್ಲರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಏನಜ್ಜಿ? ಏನಾಯ್ತು?” ಎಂದ ವಾಸು.

“ಏನಿಲ್ಲ ಕಣಪ್ಪ. ನಿನ್ ಪದಾನೇ ಆಡ್ತೀವಿ. ನೀನ್ ಯಾಕಿಂಗ್ ಬೆವರ್ತೀಯ?”

ಪಿಳ್ಳಪ್ಪನವರ ಸ್ವಂತ ಛತ್ರ ಜನರಿಂದ ಗಿಜಿಗುಟ್ಟುತ್ತಿತ್ತು. ಸ್ಟೇಜಿನ ಹಿಂದೆ ಹನುಮಕ್ಕನ ದೊಡ್ಡ ಫೋಟೋ, ಅದಕ್ಕೆ ಆಳುದ್ದದ ಸುಗಂಧರಾಜದ ಹಾರ. ಪಕ್ಕದಲ್ಲಿ ಅಷ್ಟೇ ಎತ್ತರದ ಪೋಸ್ಟರು. ಅದರ ತುದಿಯಲ್ಲಿ, ನಿಜವಾಗಿಯೂ ದೊಡ್ಡ ಅಕ್ಷರದಲ್ಲಿ, ‘ಸಂಗೀತ: ವಾಸು’ ಎಂದಿತ್ತು. ವಾಸು ಅದನ್ನು ಕಣ್ತುಂಬ ನೋಡಿದ. ಎರಡನೆಯ ಸಾಲಿನಲ್ಲಿ ಕೂತಿದ್ದ ಗೋಪಾಲಮ್ಮ ಕೂಡ ಅದನ್ನೇ ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದರು. ಅವನಿಗೆ ಅಳು ಬಂದಂತಾಯಿತು. ಇನ್ನೊಂದು ಅರ್ಧ ಗಂಟೆ ದೇವರೇ, ಅರ್ಧ ಗಂಟೆ ಕಾಪಾಡಿಬಿಡು ಎಂದು ಬೇಡಿಕೊಂಡ.

ಪಿಳ್ಳಪ್ಪನವರು ಅಜ್ಜಿಗೆ ಶಾಲು ಹೊದಿಸಿ, ಪೇಟ ಇಟ್ಟು, ಮೈಕು ಹಿಡಿದರು. “ಈ ಮಟ್ಟು ಕೇಳ್ದಾಗ ನಂಗೆ ನಮ್ಮವ್ವ ಕಣ್ಮುಂದೆ ಬಂದ್ಲು. ಇಂಥಾದ್ದನ್ನ ಉಳಿಸ್ಕೊಂಡು ಬಂದ ತಾಯಿ ಇವರು. ಅಜ್ಜೀ, ನೀವೇ ಹೇಳಿ. ಈ ಹುಡ್ಗ ನಿಮ್ಮತ್ರ ಯಾವಾಗ ಬಂದು ಕಲ್ತ?”

ಇದನ್ನು ವಾಸು ಯೋಚಿಸಿಯೇ ಇರಲಿಲ್ಲ. ಏನೇನೋ ಹೇಳಿಕೊಟ್ಟಿದ್ದ, ಇದನ್ನು ಹೇಳಿಕೊಟ್ಟಿರಲಿಲ್ಲ. ಸ್ಟೇಜಿನ ಮೂಲೆಯಿಂದ ಕಣ್ಣಲ್ಲೇ ಕೈ ಮುಗಿದ.

ಅಜ್ಜಿ ಮೈಕಿಗೆ ಬಾಯಿಟ್ಟು ಹೇಳಿದರು: “ಇವತ್ ಬೆಳಿಗ್ಗೆ.”

ಮಹೇಂದ್ರ ಹಣ್ಣಿನ ಬುಟ್ಟಿಯನ್ನು ಎದೆಗೆ ಅವುಚಿಕೊಂಡ.

“ಇನ್ನೂ ಸರ್ಯಾಗಿ ಬಂದಿಲ್ಲ ಇವಂಗೆ!” ಎಂದರು ಅಜ್ಜಿ.

ಜನ ಗೊಳ್ಳೆಂದು ನಕ್ಕರು. ಅಜ್ಜಿ ತಮಾಷೆ ಮಾಡಿದರು ಅಂತ ಪಿಳ್ಳಪ್ಪನವರೂ ಹೊಟ್ಟೆ ಕುಲುಕಿಸಿದರು.

“ಹಾಡಿ ಅಜ್ಜಿ,” ಎಂದು ಪಿಳ್ಳಪ್ಪನವರು ಎದುರಿನ ಸಿಂಹಾಸನದಂಥ ಕುರ್ಚಿಯಲ್ಲಿ ಕೂತರು. ಕೊರಳಲ್ಲಿ ಹಾರ, ಕೈಯಲ್ಲಿ ತಯಾರಾಗಿ ಹಿಡಿದ ಕರ್ಚೀಫು.

ಅಜ್ಜಿ ಗೆಳತಿಯರನ್ನೆಲ್ಲ ಸುತ್ತ ನಿಲ್ಲಿಸಿಕೊಂಡರು. ಹಾರ ಹಾಕಿಕೊಂಡು ಕೂತ ಪಿಳ್ಳಪ್ಪನವರನ್ನು ಒಮ್ಮೆ ನೋಡಿದರು. ಹಿಂದಿನ ಫೋಟೋ ಒಮ್ಮೆ ನೋಡಿದರು. ಆಮೇಲೆ ವಾಸುವಿನ ಕಡೆ ತಿರುಗಿ, “ತೆಪ್ಪು ತಿಳೀಬೇಡ ಕಣಪ್ಪ. ಬೀಗರು ಎದ್ರಿಗೆ ಕುಂತವ್ರೆ. ಬೀಗರ ಮುಂದೆ ಸುಮ್ನೆ ಇರೋಕಾಗಾಕಿಲ್ಲ,” ಎಂದರು. ಮೈಕು ಆನ್ ಇತ್ತು.

ಬಂದ್ಲಮ್ಮ ಅನುಮಕ್ಕ ಬಾಗ್ಲೆಲ್ಲ ತುಂಬ!

ವಾಸು ಕಣ್ಣು ಮುಚ್ಚಿದ. ಕಣ್ಣು ಮುಚ್ಚಿದರೆ ಕಿವಿ ಮುಚ್ಚುವುದಿಲ್ಲವಲ್ಲ. ಹನುಮಕ್ಕ ಎಲೆ ಹಾಕುವುದಕ್ಕೆ ಮುಂಚೆಯೇ ಪಂಕ್ತಿಯಲ್ಲಿ ಕೂತಳು. ಒಬ್ಬಟ್ಟು ಒಂದಲ್ಲ ಎರಡಲ್ಲ ತಿಂದಳು. ಉಳಿದದ್ದನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಪ್ರತಿ ಸಾಲಿಗೂ ಐದು ಜನರ ಸೊಲ್ಲು, ಚಪ್ಪಾಳೆ. ಎಲ್ಲರ ಕಣ್ಣೂ ಪಿಳ್ಳಪ್ಪನವರ ಮೇಲಿತ್ತು.

ಪಿಳ್ಳಪ್ಪನವರ ಮುಖ ಕೆಂಪಾಯಿತು. ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದರು. ಟೈಲ್ಸಿನ ಚೂರು ತುಂಬಿದ ಲಾರಿಯೊಂದು ತನ್ನ ಮನೆಯ ಮುಂದೆ ಬಂದು ನಿಂತದ್ದು ವಾಸುವಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

“ಇದೇ!” ಎಂದು ಪಿಳ್ಳಪ್ಪನವರು ಕೂಗಿದರು. “ಇದೇ ಕಣ್ರೀ! ನಮ್ಮಣ್ಣಂಗೆ ಮಾಕಳಿಯಿಂದ ಹೆಣ್ಣು ತಂದಾಗ ನಮ್ಮವ್ವನ್ನ ಕೂರಿಸ್ಕೊಂಡು ಹಿಂಗೇ ಹಂಗಿಸಿದ್ರು! ಮನೇಗ್ ಬಂದು ಮುದ್ದೆ ತಿರುವ್ವಾಗೆಲ್ಲ ಅವ್ವ ತಾನೇ ಇದನ್ನ ಹಾಡ್ಕೊಂಡು ನಗ್ತಿದ್ಲು! ಅದಕ್ಕೇ ಅವತ್ತು ಎಲ್ಲೋ ಕೇಳ್ದಂಗೈತೆ ಅಂದಿದ್ದು!” ಅವರು ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವಂತಿರಲಿಲ್ಲ. ಕರ್ಚೀಫು ಎರಡಕ್ಕೂ ಕೆಲಸ ಮಾಡುತ್ತಿತ್ತು.

“ಅವತ್ ಆಡಿದ್ದೂ ನಾನೇ ಕಣೋ ಪಿಳ್ಳ,” ಎಂದರು ಅಜ್ಜಿ. “ನೀನು ಆಗ ಇಷ್ಟುದ್ದ ಇದ್ದೆ, ನಿಮ್ಮವ್ವನ ಸೆರಗು ಇಡ್ಕಂಡಿದ್ದೆ.”

ಛತ್ರದಲ್ಲಿ ಚಪ್ಪಾಳೆಯೋ ಚಪ್ಪಾಳೆ. ವಾಸು ಮೊದಲ ಬಾರಿಗೆ ನೆಟ್ಟಗೆ ಉಸಿರೆಳೆದ. ಬದುಕಿದೆ ಅಂದುಕೊಂಡ. ಆ ಸಮಾಧಾನ ಒಂದು ನಿಮಿಷವೂ ಬಾಳಲಿಲ್ಲ.

“ಆ ಅಳೋ ಹಾಡು ಕ್ಯಾನ್ಸಲ್!” ಪಿಳ್ಳಪ್ಪನವರು ಮೈಕಿನಲ್ಲಿ ಗುಡುಗಿದರು. “ಸಿನಿಮಾದಲ್ಲಿ ಇವರೇ ಹಿಂಗೇ ಹಾಡ್ತಾರೆ. ಮಹೇಂದ್ರಾ, ಪೋಸ್ಟರ್ ಬದಲಾಯಿಸು. ಸಂಗೀತ: ಮಾಕಳಿ ಮುನಿವೆಂಕಟಮ್ಮ ಮತ್ತು ಸಂಗಡಿಗರು. ಕೆಳಗೆ ಸಣ್ಣದಾಗಿ, ಸಂಗ್ರಹ: ವಾಸು.”

ವಾಸುವಿಗೆ ಈಗ ನಿಜವಾಗಿಯೂ ತಲೆ ಕೆಟ್ಟಿತು. ಇಡೀ ದಿನ ಯಾವ ಮಾತನ್ನು ಮುಚ್ಚಿಡಲು ಒದ್ದಾಡಿದ್ದನೋ ಅದನ್ನೇ ಹೇಳಲು ಸ್ಟೇಜಿನ ನಡುವೆ ಓಡಿ ಬಂದ. ಪಿಳ್ಳಪ್ಪನವರ ಕೈ ಹಿಡಿದು ಒಂದು ಪಕ್ಕಕ್ಕೆ ಎಳೆದ.

“ಸಾರ್, ನಿಜ ಹೇಳ್ಬಿಡ್ತೀನಿ. ಯಾವ ಅಜ್ಜೀನೂ ನಂಗೆ ಹಾಡಿ ತೋರಿಸಿರ್ಲಿಲ್ಲ. ಮಾಕಳಿ ಅನ್ನೋದನ್ನ ನಾನು ಬಸ್ ಬೋರ್ಡಲ್ಲಿ ಓದಿದ್ದು. ಆ ಟ್ಯೂನ್ ನಾನೇ ಮಾಡಿದ್ದು ಸಾರ್, ನನ್ನ ರೂಮಲ್ಲಿ, ನನ್ನ ಕೈಯಾರೆ!”

ಪಿಳ್ಳಪ್ಪನವರ ನಗು ಆರಿತು. “ವಾಸೂ,” ಎಂದರು ಬಹಳ ನಿಧಾನವಾಗಿ. “ನೀನು ಹುಟ್ಟೋಕ್ಕೂ ಮುಂಚೆ ನಮ್ಮವ್ವ ಹಾಡಿದ್ದನ್ನ ನೀನು ನಿನ್ನ ರೂಮಲ್ಲಿ ಮಾಡ್ದ್ಯಾ?”

“ದೇವರಾಣೆಗೂ ಸಾರ್!”

“ಇಷ್ಟ್ ದಿನ ನಿಜ ಹೇಳ್ಕೊಂಡಿದ್ದೆ, ಒಳ್ಳೇ ಹುಡ್ಗ ಅಂದ್ಕೊಂಡಿದ್ದೆ. ಈಗ ಹೆಸರಿನ ಆಸೆಗೆ ಸುಳ್ಳು ಹೇಳ್ತೀಯಲ್ಲಯ್ಯಾ, ಅದೂ ಆ ಮುದುಕಿ ಎದುರಿಗೆ! ಟೈಲ್ಸಿನವ್ನೂ ಇಷ್ಟು ದೊಡ್ಡದು ಹೇಳಿರ್ಲಿಲ್ಲ.” ಅವರು ಮಹೇಂದ್ರನ ಕಡೆ ತಿರುಗಿದರು. “ಸಂಗ್ರಹಾನೂ ಬೇಡ ಕಣೋ. ಕೊನೇಲಿ ಹಾಕು. ಕೀಬೋರ್ಡ್: ವಾಸು.”

ಊಟದ ಪಂಕ್ತಿಯಲ್ಲಿ ವಾಸು ತಲೆ ತಗ್ಗಿಸಿ ಕೂತಿದ್ದ. ಎಡಕ್ಕೆ ತಾಯಿ, ಬಲಕ್ಕೆ ಧನಲಕ್ಷ್ಮಿ. ಎಲೆಗೆ ಒಬ್ಬಟ್ಟು ಬಿತ್ತು. ಅದನ್ನು ಎಲೆಯ ಅಂಚಿಗೆ ತಳ್ಳಿದ.

“ನೀನಾದ್ರೂ ನಂಬ್ತೀಯೇನಮ್ಮಾ?” ಎಂದ ಸಣ್ಣ ದನಿಯಲ್ಲಿ. “ಆ ಟ್ಯೂನು ನಂದೇ ಕಣಮ್ಮಾ. ನಿಜವಾಗ್ಲೂ ನಂದೇ.”

ಗೋಪಾಲಮ್ಮ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ ಅವನತ್ತ ತಿರುಗಿದರು. “ನಿಂದು ಹೆಂಗೋ ಆಗುತ್ತೆ? ನಾನೇ ಅಲ್ವೇನೋ ನಿಂಗೆ ದಿನಾ ಹಾಡ್ತಿದ್ದಿದ್ದು! ಮೂರು ವರ್ಷದ ಮಗು ನೀನು, ಏನ್ ಮಾಡಿದ್ರೂ ಊಟಕ್ಕೆ ಬಾಯಿ ಬಿಡ್ತಿರ್ಲಿಲ್ಲ. ಬೀಗಿತ್ತಿ ಒಬ್ಬಟ್ಟು ತಿಂದ್ಲು ಅಂದ್ರೆ ಮಾತ್ರ ಆ ಅಂತಿದ್ದೆ. ನಮ್ಮಮ್ಮನ ಊರಲ್ಲಿ ಎಲ್ಲಾ ಮದ್ವೇಲೂ ಇದೇ ಹಾಡು.”

ವಾಸುವಿನ ಕೈ ಎಲೆಯ ಮೇಲೆ ನಿಂತಿತು. ಬೆಳಗಿನ ಜಾವ ತನಗೆ ತಾನೇ ಬೆರಳಿಗೆ ಬಂದದ್ದು! ಮಣ್ಣಿಂದಲ್ಲ, ಅನ್ನದ ತುತ್ತಿನಿಂದ ಬಂದದ್ದು. ಹೇಳಿದ ಸುಳ್ಳೇ ನಿಜವಾಗಿತ್ತು, ಹೇಳಿದ ನಿಜವೇ ಸುಳ್ಳಾಗಿತ್ತು.

“ಮೂರು ತಿಂಗಳು ಪಕ್ಕದ ರೂಮಲ್ಲೇ ನುಡಿಸ್ತಿದ್ನಲ್ಲಮ್ಮಾ! ಒಂದು ಮಾತು ಹೇಳ್ಬಾರ್ದಿತ್ತಾ?”

“ನೀನು ಯಾವತ್ತು ಆ ಹೆಡ್‌ಫೋನ್ ತೆಗೆದು ನಂಗೆ ಕೇಳಿಸ್ದೆ?” ಎಂದರು ಗೋಪಾಲಮ್ಮ. “ನಂಗೆ ಕೇಳ್ಸಿದ್ದು ಟಕಟಕ ಅಷ್ಟೇ. ತಿನ್ನು, ಆರಿಹೋಗುತ್ತೆ.”

ಅಷ್ಟರಲ್ಲಿ ಮಹೇಂದ್ರ ಪಂಕ್ತಿಯ ಸಾಲಿನಲ್ಲಿ ಓಡೋಡಿ ಬಂದು ಅವನ ಹಿಂದೆ ಕುಕ್ಕರುಗಾಲಲ್ಲಿ ಕೂತ. “ಮಗಾ, ಬೇಜಾರ್ ಮಾಡ್ಕೋಬೇಡ. ಸಾಹೇಬ್ರ ಸಿಟ್ಟು ಇಳೀತು. ಮುಂದಿನ ಪಿಕ್ಚರ್‌ಗೂ ನೀನೇ ಅಂತೆ.”

ವಾಸು ಮುಖ ಎತ್ತಿದ. “ಸಂಗೀತಕ್ಕಾ?”

“ಹುಡುಕೋದಕ್ಕೆ. ಹುಡುಕೋದ್ರಲ್ಲಿ ನಿನ್ನ ಬಿಟ್ರೆ ಇಲ್ವಂತೆ. ಈ ಸಲ ಅಪ್ಪನ ಸೆಂಟಿಮೆಂಟು. ಸೋಮವಾರದೊಳಗೆ ಹಳೇ ಮಟ್ಟು ಗೊತ್ತಿರೋ ಒಬ್ಬ ತಾತ ಬೇಕಂತೆ.”

ಬಲಗಡೆಯ ಎಲೆಯಿಂದ ಧನಲಕ್ಷ್ಮಿ, ಬಾಯಲ್ಲಿ ಒಬ್ಬಟ್ಟು ಇರುವಾಗಲೇ, ಅವನತ್ತ ಬಾಗಿದರು. “ತಾತಾನಾ? ನೆಲಮಂಗಲದಲ್ಲಿ ನಮ್ಮ ಸೋದರಮಾವ ಒಬ್ರು ಇದಾರೆ ಕಣಪ್ಪಾ. ನಾಳೆ ಬೆಳಿಗ್ಗೆ ಮಾಕಳೀಲಿ ಬಿಟ್ಟಿರೋ ಸ್ಕೂಟರ್ ತೆಗಿ.”

ವಾಸು ‘ಆ’ ಎಂದು ಬಾಯಿ ತೆರೆದ. ಗೋಪಾಲಮ್ಮ ತಮ್ಮ ಎಲೆಯಿಂದ ಒಂದು ತುಂಡು ಒಬ್ಬಟ್ಟು ಮುರಿದು ಅದರೊಳಗೆ ಇಟ್ಟರು.